ಹತ್ತರ ಮೇಲೆ ನಿಂತ ಮುಳ್ಳು

1963ನೇ ಇಸವಿ ಏಪ್ರಿಲ್ 19, ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಏಕಾಂತಪ್ಪನವರು ಶಿವಮೊಗ್ಗದ ಪೇಟೆ ಠಾಣೆಗೆ ಬಂದರು. ಸವೆದ ಲಾರಿ ಟೈರುಗಳಿಗೆ ಹೊಸ ರಬ್ಬರು ಹಾಕಿಕೊಡುವ ರೀಸೋಲಿಂಗ್ ಶೆಡ್ಡಿನ ಮಾಲೀಕರು ಅವರು. ಕೂರಲು ಹೇಳಿದರೂ ಕೂರಲಿಲ್ಲ.

"ನನ್ನ ಕಂಪ್ರೆಸರಿನ ಪ್ರೆಶರ್ ಸ್ವಿಚ್ ಕದ್ದಿದ್ದಾರೆ ಸ್ವಾಮಿ. ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಮಾಯ."

ದಫೇದಾರ್ ಅಬ್ಬಾಸ್ ಅಲಿ ಬರೆಯುತ್ತಿದ್ದವರು ತಲೆಯೆತ್ತಿದರು. "ಎಷ್ಟು ದೊಡ್ಡದು ಯಜಮಾನ್ರೆ ಅದು?"

ಏಕಾಂತಪ್ಪ ಎರಡೂ ಕೈ ಸೇರಿಸಿ ಬೊಗಸೆ ಮಾಡಿ ತೋರಿಸಿದರು. "ಇಷ್ಟೇ. ಆದ್ರೆ ಅದಿಲ್ದೆ ಮಿಶಿನ್ ನಡೆಸೋ ಹಾಗಿಲ್ಲ. ಟ್ಯಾಂಕಿನಲ್ಲಿ ಗಾಳಿ ಸಾಕಾದಷ್ಟು ತುಂಬಿದ್ರೆ ತಾನಾಗೇ ಕರೆಂಟು ಕಡಿಯೋದು ಅದೇ. ಜರ್ಮನಿ ಮಾಲು. ಮದ್ರಾಸಿಗೆ ಬರೆದ್ರೆ ಸ್ಟಾಕಿಲ್ಲ ಅಂತಾರೆ. ಕಾಸು ಕೊಡ್ತೀನಿ ಅಂದ್ರೂ ಸಿಗಲ್ಲ."

ಇನ್ಸ್‌ಪೆಕ್ಟರ್ ಉಜ್ಜನಪ್ಪ ಕೇಳಿದರು, "ಯಾರ ಮೇಲಾದರೂ ಅನುಮಾನ?"

"ಇನ್ಯಾರ ಮೇಲೆ? ನಮ್ಮ ಮೆಕ್ಯಾನಿಕ್ ಸನಾವುಲ್ಲಾ. ಶೆಡ್ಡಿನ ಬೀಗದ ಕೈ ಅವನ ಹತ್ರಾನೇ ಇರೋದು."

"ಹೊರಗಿನವರು ಯಾರಾದರೂ ನಿನ್ನೆ ಬಂದಿದ್ದರೇ?"

"ಯಾರೂ ಇಲ್ಲ."

ದೂರು ಬರೆಸಿಕೊಂಡು ಎಫ್.ಐ.ಆರ್. ದಾಖಲಿಸಿದಾಗ ಹತ್ತೂ ಮುಕ್ಕಾಲು. ಕಾನ್‌ಸ್ಟೇಬಲ್ ಕರಿಯಣ್ಣ ಹೊರಗೆ ಬಂದವನು ದಫೇದಾರರ ಕಿವಿಯಲ್ಲಿ, "ಒಂದು ಸ್ವಿಚ್ಚಿಗೆ ಮೂರು ಜನ ಪೊಲೀಸರಾ ಸಾರ್? ನಮ್ಮ ಮನೇಲೂ ಒಂದು ಕೆಟ್ಟಿದೆ," ಎಂದ.

"ನಿಮ್ಮನೇಲಿ ಕರೆಂಟೇ ಇಲ್ವಲ್ಲೋ ಮಾರಾಯ," ಎಂದರು ದಫೇದಾರರು.

ಹನ್ನೊಂದೂ ಕಾಲಿಗೆ ಶೆಡ್ಡು ತಲುಪಿದರು. ಬೀಗ ಒಡೆದಿರಲಿಲ್ಲ, ಹೆಂಚು ಸರಿದಿರಲಿಲ್ಲ. ಅಕ್ಕಪಕ್ಕದ ಅಂಗಡಿಯ ಇಬ್ಬರನ್ನು ಪಂಚರಾಗಿ ಕರೆಸಿ ಪಂಚನಾಮೆ ಶುರುಮಾಡಿದರು. ಕಂಪ್ರೆಸರಿನ ಪಕ್ಕ ಉಜ್ಜನಪ್ಪ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಸ್ವಿಚ್ ಇದ್ದ ಪೈಪಿನ ಬಾಯಿಗೆ ಹಿತ್ತಾಳೆಯ ಪ್ಲಗ್ ಹಾಕಿ ಬಿಗಿಮಾಡಿತ್ತು. ಕತ್ತರಿಸಿದ ವೈರಿನ ಮೂರು ತುದಿಗಳಿಗೂ ಬೇರೆ ಬೇರೆಯಾಗಿ ಟೇಪು ಸುತ್ತಿತ್ತು, ಯಾರಾದರೂ ಮುಟ್ಟಿದರೆ ಶಾಕ್ ಹೊಡೆಯದಿರಲೆಂದು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಅನೇಕ ಕಳ್ಳರನ್ನು ಕಂಡಿದ್ದರು. ಕದ್ದ ಮೇಲೆ ಮನೆಯವರ ಕ್ಷೇಮ ನೋಡಿ ಹೋದವನನ್ನು ಕಂಡಿರಲಿಲ್ಲ.

"ಸನಾವುಲ್ಲಾನನ್ನು ಕರಿ," ಎಂದರು.

ಸನಾವುಲ್ಲಾನಿಗೆ ಮೂವತ್ತೈದರ ಆಸುಪಾಸು. ಜುಮ್ಮಾ ನಮಾಜಿಗೆಂದು ಆಗಲೇ ಕೈಕಾಲಿನ ಗ್ರೀಸು ತೊಳೆದುಕೊಂಡಿದ್ದ. ಧಣಿಯ ಮುಖ ನೋಡದೆ ನಿಂತ.

"ನಿನ್ನೆ ಎಷ್ಟು ಹೊತ್ತಿಗೆ ಬೀಗ ಹಾಕಿದೆ?"

"ಆರೂವರೆಗೆ ಸಾಬ್."

"ಆಗ ಸ್ವಿಚ್ ಇತ್ತಾ?"

"ಆ ಮೂಲೆ ಕಡೆ ನೋಡ್ಲಿಲ್ಲ. ಐದಕ್ಕೇ ಮಿಶಿನ್ ಬಂದ್ ಮಾಡಿದ್ದೆ. ಆಮೇಲೆ ಟೈರು ಇಳಿಸೋಕೆ ರೋಡಿಗೆ ಹೋದೆ."

"ನೀನೇ ತೆಗೆದೆ ಅಂತಾರೆ ಯಜಮಾನರು."

"ನಾನು ತೆಗೆದಿದ್ರೆ ಇವತ್ತು ಬೆಳಿಗ್ಗೆ ಬಂದು ಮೊದಲು ನಾನೇ ಹೇಳ್ತಿದ್ನಾ ಸಾಬ್? ಇವರ ಶೆಡ್ಡಲ್ಲಿ ಒಂಬತ್ತು ವರ್ಷದಿಂದ ಇದೀನಿ. ಒಂದು ನಟ್ಟು ಮನೆಗೆ ಹೋಗಿಲ್ಲ."

ಏಕಾಂತಪ್ಪ ಗಂಟಲು ಸರಿಮಾಡಿಕೊಂಡು ಗೋಡೆ ನೋಡಿದರು.

"ಸರಿ. ಈ ಪ್ಲಗ್ ಬಿಚ್ಚು," ಎಂದರು ಉಜ್ಜನಪ್ಪ.

ಸನಾವುಲ್ಲಾ ಸ್ಪ್ಯಾನರ್ ಹಾಕಿ ತಿರುಗಿಸಿದ. ಪ್ಲಗ್ ಕೈಗೆ ಬಂದಾಗ ಅದರ ತಿರುಪಿನ ಗೆರೆಗಳಿಗೆ ಸುತ್ತಿದ್ದ ನಾರು ಕಂಡಿತು. ಅವನು ಅದನ್ನು ಬೆಳಕಿಗೆ ಹಿಡಿದ, ತಕ್ಷಣ ಕೈ ಇಳಿಸಿದ. ಉಜ್ಜನಪ್ಪ ನೋಡುತ್ತಲೇ ಇದ್ದರು.

"ಅದೇನು ನಾರು?"

"ಗಾಳಿ ಸೋರದ ಹಾಗೆ ಸುತ್ತೋದು ಸಾಬ್. ಎಲ್ಲಾರೂ ಸುತ್ತುತಾರೆ."

"ನೀನು ಯಾವುದು ಸುತ್ತುತೀಯ?"

"ಸೆಣಬು."

"ಇದು ಸೆಣಬಾ?"

ದಫೇದಾರ್ ಅಬ್ಬಾಸ್ ಅಲಿ ಹತ್ತಿರ ಬಂದು ಮುಟ್ಟಿ ನೋಡಿದರು. "ಬಾಳೆನಾರು ಸಾರ್ ಇದು. ಹೂ ಕಟ್ಟೋದು."

"ಬಾಳೆನಾರು ಸುತ್ತೋ ಫಿಟ್ಟರ್ ಯಾರು ಸನಾವುಲ್ಲಾ?"

"ಗೊತ್ತಿಲ್ಲ ಸಾಬ್."

ಅವನಿಗೆ ಗೊತ್ತಿದೆ ಎಂಬುದು ಮೂವರು ಪೊಲೀಸರಿಗೂ ಗೊತ್ತಾಯಿತು. ಉಜ್ಜನಪ್ಪ ಗದರಿಸಲಿಲ್ಲ. ಹೆಸರು ಬಾರದ ಬಾಯಿಂದ ಕೆಲಸದ ಮಾತು ಬರುತ್ತದೆಂದು ಅವರಿಗೆ ಅನುಭವವಿತ್ತು. ಟೈರಿನ ಮೇಲೆ ಕೂತು ಬೀಡಿ ಹಚ್ಚಿದರು.

"ಹೋಗಲಿ. ಕದ್ದವನು ಆ ಸ್ವಿಚ್ಚನ್ನು ಎಲ್ಲಿ ಹಾಕಬಹುದು? ಅದನ್ನಾದರೂ ಹೇಳು."

"ಎಲ್ಲೂ ಹಾಕೋಕೆ ಬರಲ್ಲ ಸಾಬ್. ಅದು ಹತ್ತಕ್ಕೆ ಕಟ್ ಆಗೋದು. ಈ ಟ್ಯಾಂಕು ಮಾತ್ರ ಅಷ್ಟು ತಡೆಯುತ್ತೆ."

"ಹತ್ತು ಅಂದರೆ ಸಣ್ಣದಲ್ಲವೇನಯ್ಯಾ? ಲಾರಿ ಟೈರಿಗೇ ಎಂಬತ್ತು ಪೌಂಡು ಹೊಡೆಯುತ್ತಾರೆ."

"ಇದು ಪೌಂಡಲ್ಲ ಸಾಬ್, ಕಿಲೋ ಲೆಕ್ಕ. ಒಂದು ಕಿಲೋಗೆ ಹದಿನಾಲ್ಕು ಪೌಂಡು ಚಿಲ್ಲರೆ. ಹತ್ತಕ್ಕೆ ನೂರ ನಲವತ್ತೆರಡು. ಇಲ್ಲಿ ಮೀಟರೂ ಜರ್ಮನಿದೇ, ಅದರ ಮುಳ್ಳೂ ಹತ್ತಕ್ಕೇ ನಿಲ್ಲುತ್ತೆ. ಮೊದಲು ನಾನೂ ಒಂದು ಸೊನ್ನೆ ಬಿಟ್ಟು ಬರ್ದಿದ್ದಾರೆ, ಹತ್ತು ಅಂದ್ರೆ ನೂರು ಅಂತಲೇ ತಿಳ್ಕೊಂಡಿದ್ದೆ. ಮಿಶಿನ್ ಜೋಡಿಸೋಕೆ ಬಂದವರು ಹೇಳಿಕೊಟ್ರು. ಊರಲ್ಲಿ ಉಳಿದವರ ಹತ್ರ ಇರೋದೆಲ್ಲ ಮಿಲಿಟರಿ ಹರಾಜಿನ ಹಳೇ ಟ್ಯಾಂಕು. ನೂರು ಪೌಂಡಿನ ಮೇಲೆ ಹೋದ್ರೆ ಸಿಡಿದು…"

ಅಲ್ಲಿಗೆ ಸನಾವುಲ್ಲಾನ ಮಾತು ನಿಂತಿತು. ಕೈಯಲ್ಲಿದ್ದ ಪ್ಲಗ್ ನೋಡಿದ. ಗೋಡೆಯ ಗಡಿಯಾರ ನೋಡಿದ.

"ಸಾಬ್, ಭದ್ರಾವತಿಗೆ ಹೋಗ್ಬೇಕು. ಈಗಲೇ."

"ಹೆಸರು?"

"ಸಿದ್ದಯ್ಯ ಮೇಸ್ತ್ರಿ. ನನ್ನ ಉಸ್ತಾದ್ ಸಾಬ್ ಅವರು. ಸ್ಪ್ಯಾನರ್ ಹಿಡಿಯೋದು ಕಲಿಸಿದವರು." ಪ್ಲಗ್ಗನ್ನು ಇನ್ಸ್‌ಪೆಕ್ಟರ ಕೈಗಿಟ್ಟ. "ಬಾಳೆನಾರು ಅವರೊಬ್ಬರೇ ಸುತ್ತೋದು."

ಏಕಾಂತಪ್ಪ ಹಣೆ ಹಣೆ ಬಡಿದುಕೊಂಡರು. "ಅಯ್ಯೋ, ನಿನ್ನೆ ಸಂಜೆ ಬಂದಿದ್ರು! ಸ್ಟೀಮ್ ಪೈಪ್ ಸೋರ್ತಿತ್ತು, ನಾನೇ ಹೇಳಿ ಕಳಿಸಿದ್ದೆ. ಕಾಫಿ ತರೋಕೆ ಒಳಗೆ ಹೋಗಿದ್ದೆ, ಅಷ್ಟರಲ್ಲೇ ಬಿಚ್ಚಿರಬೇಕು."

"ಹೊರಗಿನವರು ಯಾರೂ ಬಂದಿಲ್ಲ ಅಂದಿರಲ್ಲ?"

"ಅವರು ಹೊರಗಿನವರು ಹ್ಯಾಗಾಗ್ತಾರೆ ಸ್ವಾಮಿ!"

ಸನಾವುಲ್ಲಾ ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದ. ಸಿದ್ದಯ್ಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪೈಪ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಭದ್ರಾವತಿಯ ಹಳೇ ಸೇತುವೆ ಹತ್ತಿರ ಪೀರ್ ಬಾಷಾನ ಪಂಕ್ಚರ್ ಅಂಗಡಿಗೆ ಕಂಪ್ರೆಸರ್ ಜೋಡಿಸಿಕೊಟ್ಟವರೂ ಅವರೇ. ಅದರ ಸ್ವಿಚ್ ಕೆಟ್ಟು ಎರಡು ತಿಂಗಳಾಗಿತ್ತು. ಅಂದಿನಿಂದ ಪೀರ್ ಬಾಷಾನ ಹೆಂಡತಿ ಜೈನಾಬಿ ಮಿಶಿನ್ ಪಕ್ಕ ಕೂತು, ಮೀಟರಿನ ಮುಳ್ಳು ನೂರಕ್ಕೆ ಬಂದಾಗ ಕೈಯಿಂದ ಕರೆಂಟು ತೆಗೆಯುತ್ತಿದ್ದಳು. ಹೋದ ವಾರ ಸಿದ್ದಯ್ಯ ಬಂದು, ಎಲ್ಲಾದರೂ ಒಂದು ಸ್ವಿಚ್ ಸಿಗುತ್ತದೆಯೇ ಎಂದು ಸನಾವುಲ್ಲಾನನ್ನು ಕೇಳಿದ್ದರು.

"ಟ್ಯಾಂಕಿನ ಸೇಫ್ಟಿ ವಾಲ್ವ್ ಕೆಲಸ ಮಾಡುತ್ತಾ?" ಎಂದರು ಉಜ್ಜನಪ್ಪ.

"ಸುಮ್ಮನೆ ಸೀಟಿ ಹೊಡೆಯುತ್ತೆ ಅಂತ ಪೀರ್ ಬಾಷಾ ಅದಕ್ಕೆ ಡಮ್ಮಿ ಹಾಕಿ ಬಾಯಿ ಮುಚ್ಚಿದಾನೆ ಸಾಬ್. ಶುಕ್ರವಾರ ಅವನು ಮಸೀದಿಗೆ ಹೋದಾಗ ಜೈನಾಬಿ ಒಂದು ಗಂಟೆಗೆ ಮಿಶಿನ್ ಹಾಕಿ ಟ್ಯಾಂಕ್ ತುಂಬಿಸಿಡ್ತಾಳೆ, ನಮಾಜ್ ಮುಗಿದ ಕೂಡ್ಲೆ ಗಿರಾಕಿ ಬರ್ತಾರಲ್ಲ. ನೂರು ತುಂಬೋಕೆ ಇಪ್ಪತ್ತು ನಿಮಿಷ."

ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಪಕ್ಕದ ಅಂಗಡಿಯಿಂದ ಭದ್ರಾವತಿ ಠಾಣೆಗೆ ಫೋನ್ ಕೇಳಿದರೆ, ಲೈನ್ ಖಾಲಿಯಿಲ್ಲ, ಅರ್ಧ ಗಂಟೆ ಕಾಯಿರಿ ಎಂದಿತು ಎಕ್ಸ್‌ಚೇಂಜ್. ಫೋನಿನ ಪಕ್ಕ ಕರಿಯಣ್ಣನನ್ನು ನಿಲ್ಲಿಸಿ, ಉಳಿದವರು ಏಕಾಂತಪ್ಪನವರ ಜೀಪು ಹತ್ತಿದರು. ಏಕಾಂತಪ್ಪನವರೇ ಸ್ಟೇರಿಂಗ್ ಹಿಡಿದರು.

"ಟೈರು ಹೇಗಿವೆ?" ಎಂದರು ಉಜ್ಜನಪ್ಪ.

"ನಮ್ಮ ಶೆಡ್ಡಿಂದೇ."

"ಅದಕ್ಕೇ ಕೇಳಿದ್ದು."

ಹನ್ನೊಂದು ಮೈಲಿ ದಾರಿಯಲ್ಲಿ ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ಭದ್ರಾವತಿಯ ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸ್ ಗಾಡಿ ಒಂದೊಂದೇ ಡಬ್ಬಿ ಎಳೆದುಕೊಂಡು ಹೋಗುವವರೆಗೆ ಎಂಟು ನಿಮಿಷ. ಸನಾವುಲ್ಲಾ ಜೀಪಿನಿಂದಿಳಿದು ಗೇಟಿನ ಕಂಬಿ ಹಿಡಿದು ನಿಂತಿದ್ದ. ದಫೇದಾರರು ಅವನ ಪಕ್ಕಕ್ಕೆ ಹೋಗಿ ನಿಂತರು. ಮಸೀದಿಯ ಕಡೆಯಿಂದ ನಮಾಜಿಗೆ ಮೊದಲಿನ ಖುತ್ಬಾ ಪ್ರವಚನದ ದನಿ ಕೇಳುತ್ತಿತ್ತು.

ಪೀರ್ ಬಾಷಾನ ಅಂಗಡಿ ಮುಂದೆ ಜೀಪು ನಿಂತಾಗ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ. ಕಂಪ್ರೆಸರ್ ಓಡುವ ಸದ್ದು ರಸ್ತೆಗೇ ಕೇಳುತ್ತಿತ್ತು. ಒಳಗೆ ಜೈನಾಬಿ ಮೊರ ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಎರಡು ತಿಂಗಳಿಂದ ಮೀಟರಿನ ಮುಖ ನೋಡಿ ಕೂತಿದ್ದವಳು ಇವತ್ತು ಅದಕ್ಕೆ ಬೆನ್ನು ಕೊಟ್ಟು, ಟ್ಯಾಂಕಿಗೇ ಒರಗಿದ್ದಳು. ಅವಳ ತಲೆಯ ಮೇಲೆ ಮುಳ್ಳು ನೂರರ ಕೆಂಪು ಗೆರೆ ದಾಟಿ ನೂರ ಹದಿನೆಂಟರಲ್ಲಿತ್ತು.

"ಬೆಹನ್, ಉಠೋ! ಬಾಹರ್ ಆಜಾವೋ!" ಎಂದು ದಫೇದಾರರು ಅವಳು ಎದ್ದು ಹೊರಬರುವಂತೆ ಕೂಗಿದರು. ಖಾಕಿ ಕಂಡು ಗಾಬರಿಯಾದ ಅವಳು ಎದ್ದ ರಭಸಕ್ಕೆ ಅಕ್ಕಿಯೆಲ್ಲ ಚೆಲ್ಲಿತು. ಅಬ್ಬಾಸ್ ಅಲಿ ಅವಳ ತೋಳು ಹಿಡಿದು ರಸ್ತೆಯಾಚೆಗೆ ಕರೆದೊಯ್ದರು. ಸನಾವುಲ್ಲಾ ಓಡಿಹೋಗಿ ಗೋಡೆಯ ಮೇನ್ ಸ್ವಿಚ್ ಎಳೆದ. ಸದ್ದು ನಿಂತಿತು. ನಿಂತ ಮೇಲೆ ಎಲ್ಲರಿಗೂ ಇನ್ನಷ್ಟು ಭಯವಾಯಿತು.

"ನೀನೂ ಹೊರಗೆ ಬಾ," ಎಂದರು ಉಜ್ಜನಪ್ಪ.

"ಗಾಳಿ ಬಿಡ್ಬೇಕು ಸಾಬ್. ನೀವು ಹೋಗಿ."

ಉಜ್ಜನಪ್ಪ ಹೋಗಲಿಲ್ಲ. ಸನಾವುಲ್ಲಾ ಟ್ಯಾಂಕಿನ ಅಡಿಯ ನಲ್ಲಿಯನ್ನು ಎರಡು ಬೆರಳಲ್ಲಿ, ಕೂದಲೆಳೆಯಷ್ಟೇ ತಿರುಗಿಸಿದ. ತುಕ್ಕುನೀರು ಚಿಮ್ಮಿತು, ಹಿಂದೆಯೇ ಗಾಳಿ. ನೂರ ಹತ್ತು, ನೂರು, ತೊಂಬತ್ತು. ಅರವತ್ತಕ್ಕೆ ಬಂದಾಗ ಇಬ್ಬರೂ ನೆಲದ ಮೇಲೆ, ಚೆಲ್ಲಿದ ಅಕ್ಕಿಯ ನಡುವೆಯೇ ಕೂತುಬಿಟ್ಟರು. ಅಡಿಯ ಬೆಸುಗೆಯ ಹತ್ತಿರ ತಗಡು ಕಾಗದದಂತೆ ತೆಳುವಾಗಿ ಉಬ್ಬಿದ್ದನ್ನು ಸನಾವುಲ್ಲಾ ಬೆರಳಿಟ್ಟು ತೋರಿಸಿದ. ಜೈನಾಬಿ ಒರಗಿದ್ದದ್ದು ಅದೇ ಮಗ್ಗುಲಿಗೆ.

ನಮಾಜು ಮುಗಿಸಿ ಬಂದ ಪೀರ್ ಬಾಷಾ ಬಾಗಿಲಲ್ಲಿ ಪೊಲೀಸರನ್ನು ಕಂಡು ಟೋಪಿ ಕೈಗೆ ತೆಗೆದುಕೊಂಡ. ಸಂಗತಿ ತಿಳಿದಾಗ ಹೆಂಡತಿಯ ಕಡೆ ನೋಡಿದ. ಮೊದಲು ಮಾತಾಡಿದವಳು ಜೈನಾಬಿ.

"ಸೀಟಿ ಹೊಡೆದ್ರೆ ನಿನ್ನ ಕಿವಿಗೆ ತೊಂದ್ರೆ ಅಲ್ವಾ? ಹಾಕು, ಇನ್ನೂ ನಾಕು ಡಮ್ಮಿ ಹಾಕು!"

ಅಷ್ಟರಲ್ಲಿ ಜನ ಸೇರಿದ್ದರು. ಅವರನ್ನು ಸರಿಸಿಕೊಂಡು ಅರವತ್ತು ದಾಟಿದ ಒಬ್ಬ ಎತ್ತರದ ಮನುಷ್ಯ ಒಳಗೆ ಬಂದ. ಮುಂಗೈಯಲ್ಲಿ ಸ್ಟೀಮಿನಿಂದ ಸುಟ್ಟ ಹಳೆಯ ಕಲೆಗಳಿದ್ದವು. ಉಜ್ಜನಪ್ಪ ಕೇಳುವ ಮೊದಲೇ, "ನಾನೇ ಸಿದ್ದಯ್ಯ," ಎಂದ. "ತಂದವನು ನಾನೇ. ಈ ಹೆಣ್ಣುಮಗಳನ್ನ ಯಾಕೆ ಬಿಸಿಲಲ್ಲಿ ನಿಲ್ಲಿಸಿದೀರಿ? ಅವಳಿಗೇನೂ ಗೊತ್ತಿಲ್ಲ."

"ನೀವು ಹಾಕಿದ ಸ್ವಿಚ್ ಎಷ್ಟಕ್ಕೆ ಕಟ್ ಆಗುತ್ತೆ ಮೇಸ್ತ್ರಿ?"

"ನೂರಕ್ಕೆ. ಅದರ ಮೇಲೆ ಹತ್ತು ಅಂತ ಇದೆಯಲ್ಲ. ಏಕಾಂತಪ್ಪನ ಶೆಡ್ಡಲ್ಲಿ ಮುಳ್ಳು ಹತ್ತಕ್ಕೆ ನಿಂತಿದ್ದನ್ನ ಕಣ್ಣಾರೆ ನೋಡಿದೀನಿ."

ಸನಾವುಲ್ಲಾ ತಲೆತಗ್ಗಿಸಿ ಹೇಳಿದ. "ಅದು ನೂರ ನಲವತ್ತೆರಡು ಉಸ್ತಾದ್."

ಸಿದ್ದಯ್ಯ ನಕ್ಕ. ಆಮೇಲೆ ಯಾರೂ ನಗದಿದ್ದದ್ದು ಕಂಡ. ನೆಲದ ಅಕ್ಕಿ, ತುಕ್ಕುನೀರು, ಉಬ್ಬಿದ ತಗಡು ಒಂದೊಂದಾಗಿ ನೋಡಿದ. ಕೊನೆಗೆ ಜೈನಾಬಿಯ ಕಡೆ ತಿರುಗಿದ.

"ನಾನು ಬೆಳಿಗ್ಗೆ ಏನಂದೆ ತಾಯಿ ನಿಂಗೆ?"

"ಇನ್ಮೇಲೆ ಮುಳ್ಳು ನೋಡೋದು ಬೇಡ, ಆರಾಮಾಗಿರು ಅಂದ್ರಿ ಮಾಮು."

ಅವನು ಬಗ್ಗಿ ಚೆಲ್ಲಿದ ಅಕ್ಕಿ ಬಳಿಯತೊಡಗಿದ. ಪೀರ್ ಬಾಷಾ ಹಿಡಿದು ಕೂರಿಸಿ ನೀರು ಕೊಟ್ಟ.

ಎರಡು ಗಂಟೆ ನಲವತ್ತಕ್ಕೆ ಪಂಚರ ಸಮಕ್ಷಮ ಸ್ವಿಚ್ ಜಪ್ತಿಯಾಯಿತು. ಆರೋಪಿಯ ಹೇಳಿಕೆಯನ್ನು ದಫೇದಾರರು ಬರೆದುಕೊಂಡರು. ಪೀರ್ ಬಾಷಾನ ಮಿಶಿನಿಗೆ ಮೊದಲಿದ್ದು ಕೆಟ್ಟುಹೋದ ಸ್ವಿಚ್ ಆರಿಸಿದ್ದೂ ತಾನೇ ಎಂದ ಸಿದ್ದಯ್ಯ. ನೀರಿನ ಪಂಪಿಗೆ ಹಾಕುವಂಥದ್ದು, ಅರವತ್ತು ಪೌಂಡಿನದು. ಸ್ಕ್ರೂ ಬಿಗಿದರೆ ನಡೆಯುತ್ತದೆಂದು ಹಾಕಿದ್ದ, ಒಳಗಿನ ರಬ್ಬರು ಹರಿಯಿತು. ಹದಿನೈದು ದಿನದ ಹಿಂದೆ ಜೈನಾಬಿಗೆ ಮೀಟರಿನ ಮುಂದೆ ತೂಕಡಿಕೆ ಬಂದು, ಬೆಲ್ಟಿನ ಪಕ್ಕಕ್ಕೆ ಬೀಳುವುದು ಅಂಗುಲದಲ್ಲಿ ತಪ್ಪಿದ್ದನ್ನು ಅವನು ಕಂಡಿದ್ದ. ತನ್ನ ತಪ್ಪಿಗೆ ಅವಳು ಕಾವಲು ಕೂತಿದ್ದಾಳೆಂಬುದು ಅಂದಿನಿಂದ ಅವನಿಗೆ ನಿದ್ದೆ ಕೊಟ್ಟಿರಲಿಲ್ಲ.

"ಹತ್ತು ಅಂದರೆ ಎಷ್ಟು ಅಂತ ಸನಾವುಲ್ಲಾನನ್ನು ಒಂದು ಮಾತು ಕೇಳಬಹುದಿತ್ತಲ್ಲ?" ಎಂದರು ಉಜ್ಜನಪ್ಪ.

"ನನ್ನ ಕೈಲಿ ಕಲಿತವನು ಸ್ವಾಮಿ ಅವನು. ಅವನ್ನ ಹೋಗಿ ಹ್ಯಾಗೆ ಕೇಳ್ಲಿ?"

ಮೂರೂ ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಬೇಡಿ ಹಾಕಲಿಲ್ಲ. ಏಕಾಂತಪ್ಪ ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದರು. "ದೂರು ವಾಪಸ್ ತಗೊಂಡ್ರೆ ಆಗಲ್ವಾ?"

"ಎಫ್.ಐ.ಆರ್. ಆಗಿದೆ. ಕೋರ್ಟಿನಲ್ಲಿ ನೀವೇ ಹೇಳಿ. ಮ್ಯಾಜಿಸ್ಟ್ರೇಟರು ಮನುಷ್ಯರೇ."

"ಜಾಮೀನಿಗೆ ನಾನು ನಿಲ್ತೀನಿ." ಏಕಾಂತಪ್ಪ ಸನಾವುಲ್ಲಾನ ಹೆಗಲು ಮುಟ್ಟಿದರು. "ಬೆಳಿಗ್ಗೆ ನಿನ್ನ ಹೆಸರು ಹೇಳಿದ್ನಲ್ಲ, ಬುದ್ಧಿ ಕೆಟ್ಟಿತ್ತು ಮಾರಾಯ."

"ಕೆಟ್ಟಿದ್ದು ಸರಿಹೋಯ್ತಲ್ಲ ಧಣಿ," ಎಂದ ಸನಾವುಲ್ಲಾ.

ವಾಪಸು ಬರುವಾಗ ಆರೋಪಿಯನ್ನು ಹಿಂದಿನ ಸೀಟಿನಲ್ಲಿ ದಫೇದಾರ್ ಮತ್ತು ಸನಾವುಲ್ಲಾ ನಡುವೆ ಕೂರಿಸಿದ್ದರು. ಜೀಪು ಊರು ದಾಟಿತು. ಆಮೇಲೆ ಸಿದ್ದಯ್ಯ ಶಿಷ್ಯನ ಕಡೆ ತಿರುಗಿದ.

"ಆ ಹೆಣ್ಣುಮಗಳ ಅಂಗಡಿಗೆ ಯಾವ ಸ್ವಿಚ್ ಹಾಕ್ಬೇಕಿತ್ತು, ಹೇಳು."

ಸನಾವುಲ್ಲಾ ಹಿಂಜರಿದ. "ನಿಮಗೆ ಗೊತ್ತಿಲ್ದೆ ಇರೋದಾ ಉಸ್ತಾದ್."

"ಗೊತ್ತಿಲ್ಲ. ಹೇಳು."

"ಮೊದಲು ಸ್ವಿಚ್ ನೋಡ್ಬಾರ್ದು ಉಸ್ತಾದ್. ಟ್ಯಾಂಕು ಎಷ್ಟು ತಡೆಯುತ್ತೆ ಅಂತ ನೋಡ್ಬೇಕು. ಅದಕ್ಕಿಂತ ಕೆಳಗೇ ಕಟ್ ಆಗ್ಬೇಕು. ಆಮೇಲೆ ಗಾಳಿಗೋ ನೀರಿಗೋ ಕೇಳ್ಬೇಕು. ಆಮೇಲೆ ಮೋಟಾರಿನ ಕರೆಂಟು. ಕೊನೆಗೆ ಪೌಂಡೋ ಕಿಲೋನೋ…"

"ತಾಳು, ತಾಳು. ನಿಧಾನ." ಮುದುಕ ಬೆರಳು ಮಡಿಚಲು ಶುರುಮಾಡಿದ. "ಮೊದಲು ಟ್ಯಾಂಕು. ಆಮೇಲೆ?"

ಏಕಾಂತಪ್ಪ ಕನ್ನಡಿಯಲ್ಲಿ ಇನ್ಸ್‌ಪೆಕ್ಟರ ಮುಖ ನೋಡಿದರು. ಉಜ್ಜನಪ್ಪ ಕಣ್ಣುಮುಚ್ಚಿ ಸೀಟಿಗೆ ಒರಗಿದ್ದರು.

"ಅರ್ಜೆಂಟೇನಿಲ್ಲ," ಎಂದರು. "ಮೆಲ್ಲಗೆ ಹೊಡೀರಿ."