ಬೂತ್‌ರಾಯ್ಡರ ಬೀನ್ಸ್ ಸುರುಟಿದ್ದು

"ಯಾರೋ ವಿಷ ಹಾಕಿದ್ದಾರೆ!"

ಲೊರೇನ್ ಬೂತ್‌ರಾಯ್ಡ್ ಕೂಗಿದ್ದು ಕಾಲುವೆಯ ಆಚೆ ದಡಕ್ಕೂ ಕೇಳಿಸಿರಬೇಕು. ಮ್ಯೂರಿಯಲ್ ಹೇಗ್ ಮತ್ತು ನಾನು ಚಹಾ ಬಿಟ್ಟು ಎದ್ದು ಓಡಿದೆವು.

ಬೀನ್ಸ್ ಗಿಡಗಳನ್ನು ನೋಡಲಾಗುತ್ತಿರಲಿಲ್ಲ. ಎಲೆಗಳು ಬಟ್ಟಲಿನಂತೆ ಒಳಕ್ಕೆ ಮಡಚಿಕೊಂಡಿದ್ದವು. ಕುಡಿಗಳು ಸುರುಟಿದ್ದವು. ಕಾಂಡಗಳು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದವು. ಪಕ್ಕದ ಟೊಮೆಟೊ ಗಿಡಗಳದೂ ಅದೇ ಗತಿ. ಲೊರೇನ್ ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದಳು. ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದ ಅವಳ ಗಂಡ ಗ್ಯಾರಿ ಟೋಪಿ ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬಂದವನ ಹಾಗೆ ನಿಂತಿದ್ದ.

ಹಡರ್ಸ್‌ಫೀಲ್ಡಿನ ಈ ಇಳಿಜಾರಿನಲ್ಲಿ ನಮ್ಮ ಸಂಘದ ಬಾಡಿಗೆ ತೋಟಗಳಿವೆ. ಒಂದೊಂದು ಮನೆಗೆ ಒಂದೊಂದು ತುಂಡು. ಚಳಿಗಾಲದಲ್ಲಿ ಬೂತ್‌ರಾಯ್ಡರಿಗೆ ಸಿಕ್ಕಿದ್ದು ವರ್ಷಗಟ್ಟಲೆ ಯಾರೂ ಕಾಲಿಡದ ತುಂಡು. ಆಳೆತ್ತರದ ಮುಳ್ಳುಪೊದೆ, ಅದರೊಳಗೆ ತುಕ್ಕು ಹಿಡಿದ ಮಂಚ, ಒಡೆದ ಗಾಜು, ಒಂದು ಸ್ನಾನದ ತೊಟ್ಟಿ. ಲೊರೇನ್ ಹೆಂಗಸರ ತಲೆಗೂದಲು ಕತ್ತರಿಸುವವಳು. ಗಂಡ ಹೆಂಡತಿ ಇಬ್ಬರೂ ಅಲ್ಲಿಯವರೆಗೆ ಒಂದು ಮೂಲಂಗಿಯನ್ನೂ ಬೆಳೆದವರಲ್ಲ. "ಈಸ್ಟರ್ ತನಕ ಇದ್ರೆ ಹೆಚ್ಚು" ಎಂದು ನಾವೆಲ್ಲ ನಕ್ಕಿದ್ದೆವು. ವಸಂತದ ಈಸ್ಟರ್ ಹಬ್ಬ ಬಂದು ಹೋಯಿತು. ಮುಳ್ಳು ಗೀರಿದ ಮುಂಗೈ ಕಾಣದಂತೆ ಅಂಗಿಯ ತೋಳು ಇಳಿಬಿಟ್ಟುಕೊಂಡು ಲೊರೇನ್ ಕೂದಲು ಕತ್ತರಿಸುತ್ತಿದ್ದಳಂತೆ. ಅವರು ಪೊದೆಯನ್ನು ಬರೀ ಕತ್ತರಿಸಲಿಲ್ಲ, ಒಂದೊಂದೇ ಬೇರು ಅಗೆದು ಕಿತ್ತರು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದೆವು.

ಮೊದಲ ವರ್ಷ ಪರೀಕ್ಷೆಯ ವರ್ಷ. ಬೇಸಿಗೆ ಕೊನೆಯ ತಪಾಸಣೆಯೊಳಗೆ ತುಂಡಿನ ತುಂಬ ಬೆಳೆ ಕಾಣದಿದ್ದರೆ ಅದು ಬೇರೆಯವರ ಪಾಲು.

ಸಂಘದ ಅಧ್ಯಕ್ಷ ಹೆರಾಲ್ಡ್ ಸಗ್ಡೆನ್ ಏದುಸಿರು ಬಿಡುತ್ತ ಬಂದ. ಬೀನ್ಸ್ ನೋಡಿದವನೇ ಬೇಲಿಯ ಆಚೆಗೆ ಬೆರಳು ತೋರಿಸಿದ.

"ಬಿಕರ್‌ಡೈಕ್! ಇನ್ಯಾರು? ಹೋದ ವಾರ ಕಳೆನಾಶಕದ ಪಂಪು ಹೆಗಲಿಗೆ ಹಾಕ್ಕೊಂಡು ಇದೇ ಬೇಲಿ ಪಕ್ಕ ಓಡಾಡ್ತಿದ್ದ. ನಾನೇ ಕಣ್ಣಾರೆ ನೋಡ್ದೆ."

"ಕಳೆನಾಶಕ ಅಂತ ಹೇಗೆ ಗೊತ್ತು?" ಮ್ಯೂರಿಯಲ್ ಕೇಳಿದಳು.

"ಮತ್ತಿನ್ನೇನು, ಪನ್ನೀರಾ? ಬೇಲಿ ಕಡೆ ಪಾತಿ ನೋಡಿ, ಎಲ್ಲ ಹೋಗಿದೆ. ಮೇಲಿನ ಪಾತಿಲೂ ಬೀನ್ಸೇ ಇದೆ, ಅದು ಹೇಗೆ ನೆಟ್ಟಗೆ ನಿಂತಿದೆ ನೋಡಿ! ಇದಕ್ಕಿಂತ ಸಾಕ್ಷಿ ಬೇಕಾ?"

ಅವನ ಮಾತು ನನಗೂ ಸರಿ ಎನ್ನಿಸಿತು. ಮ್ಯೂರಿಯಲ್ ಮಾತ್ರ ಹುಬ್ಬು ಗಂಟಿಕ್ಕಿದಳು. ನಿವೃತ್ತಿಯವರೆಗೆ ಊರಿನ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು ಅವಳು. ಜೋರಾಗಿ ಹೇಳಿದ ಮಾತನ್ನು ಸುಲಭಕ್ಕೆ ನಂಬುವವಳಲ್ಲ.

"ಪಾಗ್ಸನ್, ಬಾರಯ್ಯ ನನ್ ಜೊತೆ," ಎಂದಳು ನನಗೆ. "ನೀನು ಬಾಯಿ ಬಿಡ್ಬೇಡ, ನಾನು ಕೇಳ್ತೀನಿ."

ನಾರ್ಮನ್ ಬಿಕರ್‌ಡೈಕ್ ತನ್ನ ಗುಡಿಸಲಿನ ಮುಂದೆ ಕೂತು ಹಂದಿ ಮಾಂಸದ ಕಡುಬು ತಿನ್ನುತ್ತಿದ್ದ. ಎದ್ದು ನಿಲ್ಲಲಿಲ್ಲ.

"ಪಂಪಲ್ಲಿ ಏನಿತ್ತು ನಾರ್ಮನ್?"

"ಸೋಪಿನ ನೀರು. ಗುಲಾಬಿಗೆ ಹೇನು ಹತ್ತಿತ್ತು."

"ಯಾರಾದ್ರೂ ನೋಡಿದ್ದಾರಾ?"

"ಹೇನುಗಳು ನೋಡಿರ್ಬೇಕು. ಕೇಳೋಣ ಅಂದ್ರೆ ಸತ್ತೋದ್ವು."

"ಆ ತುಂಡು ನಿನಗೆ ಬೇಕಿತ್ತಲ್ವಾ?"

"ಬೇಕಿತ್ತು. ನನ್ನ ತಂಗಿಗೆ ಕೊಡಿಸೋಣ ಅಂತ ಕಮಿಟಿ ಕಾಲು ಹಿಡಿದಿದ್ದೆ." ಅವನು ಕಡುಬು ಕೆಳಗಿಟ್ಟ. "ನೋಡು ಮ್ಯೂರಿಯಲ್, ಮಾರ್ಚ್ ತಿಂಗಳ ಆಲಿಕಲ್ಲು ಮಳೇಲಿ ಆ ಯಮ್ಮ ಒಂದು ಬೇರಿಗೆ ಜೋತು ಬಿದ್ದಿದ್ಲು. ಬೇರು ಬಂತು, ಅವಳು ಬೆನ್ನು ಅಡಿಯಾಗಿ ಬಿದ್ಲು. ಎದ್ದೋಳು ಇನ್ನೊಂದು ಬೇರು ಹಿಡಿದ್ಲು. ಅವತ್ತೇ ನಾನು ಆಸೆ ಬಿಟ್ಟೆ. ಅಂಥೋರ ಗಿಡಕ್ಕೆ ಔಷಧಿ ಹೊಡೆಯೋಕೆ ನಾನೇನು ಮೃಗಾನಾ?"

ಹೊರಡುವಾಗ ಮ್ಯೂರಿಯಲ್ ಬೇಲಿಯ ಈಚೆಗೆ ಬಗ್ಗಿ ನೋಡಿದಳು. ನಾರ್ಮನ್‌ನ ಬಟಾಣಿ ಬಳ್ಳಿಗಳು ಬೇಲಿಗೆ ಒತ್ತಿಕೊಂಡೇ ಬೆಳೆದಿದ್ದವು. ಹಸಿರೋ ಹಸಿರು.

ಬೂತ್‌ರಾಯ್ಡರ ಮಗಳು ಜೆಮ್ಮಾ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತಿದ್ದಳು. ಹದಿನಾಲ್ಕರ ಹುಡುಗಿ. ಭಾನುವಾರಗಳನ್ನು ಇಲ್ಲಿ ಕಳೆಯಬೇಕಾಗಿದ್ದಕ್ಕೆ ಮುಖ ಊದಿಸಿಕೊಂಡಿರುವುದನ್ನು ಎಲ್ಲರೂ ನೋಡಿದ್ದರು.

"ನಿಂಗೆ ಇಲ್ಲಿಗೆ ಬರೋದು ಇಷ್ಟ ಇಲ್ಲ ಅಲ್ವೇನಮ್ಮಾ?"

"ಇಲ್ಲ. ಉಗುರೆಲ್ಲಾ ಹಾಳಾಯ್ತು."

"ಹಾಗಾದ್ರೆ ಗಿಡ ಸತ್ರೆ ನಿಂಗೆ ಒಳ್ಳೇದೇ."

ಹುಡುಗಿಯ ಮುಖ ಕೆಂಪಾಯಿತು. "ಜೋಳ ನಾನು ಹಾಕಿದ್ದು. ಅದೇ ಪಾತೀಲಿ, ಬೀನ್ಸ್ ಪಕ್ಕದಲ್ಲೇ. ಅದೊಂದಕ್ಕೆ ಏನೂ ಆಗಿಲ್ಲ. ಅದಕ್ಕೇ ತಾನೇ ನನ್ ಮೇಲೆ ಅನುಮಾನ?"

ಮ್ಯೂರಿಯಲ್ ಥಟ್ಟನೆ ತಿರುಗಿದಳು. ಹೌದು—ಸುರುಟಿದ ಬೀನ್ಸ್ ಸಾಲಿನ ಪಕ್ಕದಲ್ಲಿ ಜೋಳದ ಸಸಿಗಳು ಕತ್ತಿಯಂತೆ ನೆಟ್ಟಗೆ ನಿಂತಿದ್ದವು!

"ಗ್ಯಾರಿ, ಈ ಪಾತಿಗೆ ಏನು ಹಾಕಿದ್ರಿ?"

"ಹೆರಾಲ್ಡ್ ಕೊಟ್ಟ ಗೊಬ್ಬರ. ಮೇಲಿನ ಪಾತಿಗೆ ಸಾಲ್ಲಿಲ್ಲ, ಹಾಗೇ ಬಿಟ್ವಿ. ಅವ್ರು ಯಾರಿಗೂ ಕೊಡಲ್ವಂತೆ, ನಮಗೆ ಅಂತ ತಾವೇ ತಳ್ಳುಗಾಡೀಲಿ ತಂದು ಸುರಿದ್ರು."

ಅದು ನಿಜ. ಹೆರಾಲ್ಡ್‌ನ ಕುದುರೆ ಲದ್ದಿ ಗೊಬ್ಬರದ ರಾಶಿ ಎಂದರೆ ನಮಗೆಲ್ಲ ಬೀಗ ಹಾಕಿದ ತಿಜೋರಿ ಇದ್ದಂತೆ. ತೋಳು ಗಾತ್ರದ ಲೀಕ್ ಎಂಬ ಉದ್ದ ದಂಟಿನ ತರಕಾರಿ ಬೆಳೆದು, ಈರುಳ್ಳಿ ಬೆಳೆದು ಪ್ರತಿ ವರ್ಷ ಬಹುಮಾನ ಹೊಡೆಯುವವನು ಅವನು. ಬೇರೆ ಏನನ್ನೂ ಬೆಳೆಯುವುದಿಲ್ಲ. ಆ ಗೊಬ್ಬರ ಕೊಟ್ಟನೆಂದರೆ ಬೂತ್‌ರಾಯ್ಡರ ದುಡಿಮೆಗೆ ಅಷ್ಟು ಮನಸೋತಿದ್ದ ಎಂದರ್ಥ.

ಆ ಸಂಜೆಯೇ ಹೆರಾಲ್ಡ್ ಸಭೆ ಕರೆಯಲು ಹೊರಟ. ವಿಷಯ ಒಂದೇ—ಬಿಕರ್‌ಡೈಕ್‌ನನ್ನು ಸಂಘದಿಂದ ಹೊರಹಾಕುವುದು.

"ಜೂನ್ ಕೊನೆ ತನಕ ತಡೆ," ಎಂದಳು ಮ್ಯೂರಿಯಲ್. "ಹಾಗೇ, ನಿನ್ನ ಗೊಬ್ಬರ ಒಂದು ಬಕೆಟ್ ಕೊಡು."

ಹೆರಾಲ್ಡ್ ಉಬ್ಬಿಹೋದ. "ನಿನಗೂ ಬೇಕಾಯ್ತಾ? ತಗೋ, ತಗೋ!"

ಆ ವಾರಗಳು ಕೆಟ್ಟವಾಗಿದ್ದವು. ನಾರ್ಮನ್ ಜೊತೆ ಯಾರೂ ಮಾತನಾಡಲಿಲ್ಲ. ಯಾರೋ ಅವನ ಗುಡಿಸಲಿನ ಬಾಗಿಲಿಗೆ ಬಣ್ಣ ಎರಚಿ ಹೋದರು. ಬೂತ್‌ರಾಯ್ಡರು ಮಾತ್ರ ದೂರು ಹೇಳುತ್ತ ಕೂರಲಿಲ್ಲ. ಸತ್ತ ಗಿಡಗಳನ್ನು ಕಿತ್ತು, ಮೇಲಿನ ತುದಿಯಲ್ಲಿ ಉಳಿದಿದ್ದ ಪೊದೆಗೆ ಕೈ ಹಾಕಿದರು. ಬಾಗಿಲಿನ ಬಣ್ಣವನ್ನು ಉಜ್ಜಿ ತೆಗೆದದ್ದೂ ಲೊರೇನಳೇ. "ಸಾಬೀತಾಗೋ ತನಕ ಅವ್ರು ನಮ್ ಪಕ್ಕದೋರು," ಎಂದಳು. ನಾನು ಆ ಇಳಿಜಾರಿನಲ್ಲಿ ಕಂಡ ಅತ್ಯಂತ ದೊಡ್ಡ ಕೆಲಸ ಅದು, ಬೇರು ಕಿತ್ತದ್ದಕ್ಕಿಂತಲೂ.

ಜೂನ್ ಕೊನೆಗೆ ಸಭೆಯ ದಿನ ಬಂದಾಗ ಸಂಘದ ಗುಡಿಸಲು ತುಂಬಿಹೋಗಿತ್ತು. ಮ್ಯೂರಿಯಲ್ ಬಟ್ಟೆ ಮುಚ್ಚಿದ ಎರಡು ಕುಂಡಗಳನ್ನು ಮೇಜಿನ ಮೇಲಿಟ್ಟಳು.

"ಎರಡರಲ್ಲೂ ಒಂದೇ ಪೊಟ್ಟಣದ ಬೀನ್ಸ್ ಬೀಜ. ಬೆಳೆದಿದ್ದು ನನ್ನ ಅಡುಗೆಮನೆ ಕಿಟಕೀಲಿ. ನಾರ್ಮನ್ ಆ ಕಡೆ ತಲೆ ಹಾಕಿಲ್ಲ."

ಬಟ್ಟೆ ಸರಿಸಿದಳು. ಒಂದು ಕುಂಡದಲ್ಲಿ ಗಿಡ ನೆಟ್ಟಗಿತ್ತು. ಇನ್ನೊಂದರಲ್ಲಿ ಎಲೆಗಳು ಬಟ್ಟಲಿನಂತೆ ಮಡಚಿ, ಕಾಂಡ ತಿರುಚಿಕೊಂಡಿತ್ತು.

"ನೆಟ್ಟಗಿರೋದು ಬರೀ ಮಣ್ಣಲ್ಲಿ. ಸುರುಟಿರೋದು—ಹೆರಾಲ್ಡ್ ಕೊಟ್ಟ ಗೊಬ್ಬರದಲ್ಲಿ."

"ಸುಳ್ಳು!" ಹೆರಾಲ್ಡ್ ಎದ್ದು ನಿಂತ. "ನನ್ನ ತೋಟಕ್ಕೂ ಅದನ್ನೇ ಹಾಕಿರೋದು! ನನ್ನ ಲೀಕ್ ನೋಡಿ, ಈರುಳ್ಳಿ ನೋಡಿ!"

"ನೋಡಿದೆ. ಅದಕ್ಕೇ ನಿನಗೆ ಗೊತ್ತಾಗ್ಲಿಲ್ಲ. ಲೀಕಿನ ಎಲೆ ಹೇಗಿರುತ್ತೆ ಹೆರಾಲ್ಡ್? ನೀಳ. ಈರುಳ್ಳೀದು? ನೀಳ. ಜೆಮ್ಮಾ ಹಾಕಿದ ಜೋಳದ್ದು? ಅದೂ ನೀಳ. ಬೀನ್ಸ್, ಟೊಮೆಟೊ—ಅಗಲ ಎಲೆ. ಎಲ್ಲರೂ ಸತ್ತ ಗಿಡ ನೋಡಿದ್ರಿ. ಅದರ ಪಕ್ಕ ಬದುಕಿದ್ದ ಜೋಳ ಯಾರೂ ನೋಡ್ಲಿಲ್ಲ. ಬೇಲಿ ಆಚೆಯಿಂದ ಹೊಡೆದಿದ್ರೆ ನಾರ್ಮನ್ ಬಟಾಣಿನೂ ಸುರುಟ್ಕೋಬೇಕಿತ್ತು. ಅದಕ್ಕೆ ಏನೂ ಆಗಿಲ್ಲ."

"ಗೊಬ್ಬರಕ್ಕೆ ಕಳೆನಾಶಕ ಎಲ್ಲಿಂದ ಬರುತ್ತೆ?" ನಾನು ಬಾಯಿ ಬಿಟ್ಟೆ.

"ಕುದುರೆ ಹೊಟ್ಟೆಯಿಂದ, ಪಾಗ್ಸನ್. ಹೆರಾಲ್ಡ್ ಲದ್ದಿ ತರೋ ಲಾಯದೋರಿಗೆ ಫೋನ್ ಮಾಡಿದ್ದೆ. ಹೋದ ವರ್ಷ ಹುಲ್ಲುಗಾವಲಿಗೆ ಹೊಸ ಔಷಧಿ ಹೊಡೆಸಿದ್ರಂತೆ. ಹುಲ್ಲು ಉಳಿಸಿ ಅಗಲ ಎಲೆ ಕಳೆ ಮಾತ್ರ ಕೊಲ್ಲೋ ಅಂಥದ್ದು. ಆ ಹುಲ್ಲು ಒಣಗಿಸಿ ಕುದುರೆಗೆ ಹಾಕಿದ್ರು. ಕುದುರೆಗೆ ಏನೂ ಆಗ್ಲಿಲ್ಲ. ಔಷಧಿ ಲದ್ದೀಲಿ ಹಾಗೇ ಉಳೀತು. ಅಪರಾಧಿ ಆ ಗೊಬ್ಬರ, ತಂದು ಸುರಿದೋನು ನೀನು ಹೆರಾಲ್ಡ್—ಪ್ರೀತಿಯಿಂದ, ಗೊತ್ತಿಲ್ಲದೆ."

ಹೆರಾಲ್ಡ್ ಮುಖದಲ್ಲಿ ರಕ್ತವಿರಲಿಲ್ಲ. ನಾರ್ಮನ್ ಕಡೆ ತಿರುಗಿದ.

"ನಾರ್ಮನ್... ನಿನ್ನನ್ನ ಕಳ್ಳನ ಥರ ನಿಲ್ಲಿಸಿಬಿಟ್ಟೆ. ತಪ್ಪಾಯ್ತು." ಆಮೇಲೆ ಎಲ್ಲರಿಗೂ ಕೇಳುವಂತೆ, "ನಾನು ಅಧ್ಯಕ್ಷಗಿರಿ ಬಿಡ್ತೀನಿ. ತೋಟಾನೂ ಬಿಡ್ತೀನಿ."

ಹಿಂದಿನ ಸಾಲಿನಿಂದ ಲೊರೇನ್ ಎದ್ದಳು. ಬಯ್ಯುತ್ತಾಳೆಂದೇ ನಾವು ಕಾದೆವು.

"ಒಳ್ಳೇ ಕತೆ! ಬಿಟ್ಟು ಹೋದ್ರೆ ಆ ಗೊಬ್ಬರ ಯಾರು ಎತ್ತೋದು?" ಎಂದಳು. "ನಾಳೆ ಬೆಳಗ್ಗೆ ಸಲಿಕೆ ತನ್ನಿ. ಗ್ಯಾರಿ, ನೀನೂ. ಜೋಳ ಬದುಕುತ್ತೆ ಅಂದ್ರೆ ಆ ಪಾತಿ ತುಂಬ ಈ ವರ್ಷ ಜೋಳಾನೇ ಹಾಕಿದ್ರಾಯ್ತು."

"ಬೀಜ ಹಾಕೋಕೆ ಕಾಲ ಮೀರ್ತಲ್ಲಮ್ಮಾ," ಹೆರಾಲ್ಡ್ ತಡವರಿಸಿದ. "ನನ್ನ ಲೀಕ್ ಸಸಿ ಇದೆ... ಕೊಟ್ರೆ ತಗೋತೀಯಾ? ನನ್ ಕೈಯಿಂದ?"

"ಬರೀ ಕೊಡೋದಲ್ಲ, ಹೇಗೆ ನೆಡೋದು ಅಂತ ಬಂದು ತೋರಿಸ್ಬೇಕು."

ಮರುದಿನ ನಾನು ಹೋಗುವಷ್ಟರಲ್ಲಿ ಕೆಲಸ ಶುರುವಾಗಿತ್ತು. ಹುಬ್ಬಿಗೆ ಹಿಟ್ಟು ಮೆತ್ತಿಕೊಂಡೇ ಗ್ಯಾರಿ ಅಗೆಯುತ್ತಿದ್ದ, ಅವನ ಪಕ್ಕದಲ್ಲಿ ಸಲಿಕೆ ಹಿಡಿದು ಲೊರೇನ್. ಹೆರಾಲ್ಡ್ ತುಂಬಿಸುತ್ತಿದ್ದ, ಜೆಮ್ಮಾ ತಳ್ಳುಗಾಡಿ ತಳ್ಳುತ್ತಿದ್ದಳು. ಬೇಲಿಯ ಆಚೆ ನಿಂತು ನೋಡುತ್ತಿದ್ದ ನಾರ್ಮನ್‌ಗೆ ತಡೆಯಲಾಗಲಿಲ್ಲ.

"ಸಲಿಕೆ ಹಿಡಿಯೋದು ಹಾಗಲ್ಲ ಕಣಮ್ಮಾ!"

ಆ ಚಳಿಗಾಲವೆಲ್ಲ ಸಲಿಕೆ ಹಿಡಿದೇ ಕಳೆದಿದ್ದ ಲೊರೇನ್ ಬೇಲಿಯ ಮೇಲಿಂದ ಅದನ್ನು ಅವನತ್ತ ಚಾಚಿದಳು.

ನಾರ್ಮನ್ ಸಲಿಕೆ ನೋಡಿದ, ಹೆರಾಲ್ಡ್‌ನನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ಬೇಲಿಗೆ ತಗುಲಿಸಿ, ಗೊಣಗುತ್ತ ದಾಟಿ ಬಂದ.