ಬಂದರದಿಂದ ಸೀದಾ ಬಂದ ಕಾಲು

"ಅವ ಯಾರೇ? ನಿನ್ ಕಂಡ್ ನಗಾಡ್ತಿದ್ದ?"

ಕುಂದಾಪುರದ ಮೀನು ಮಾರ್ಕೆಟ್ ಎದುರು ಮುಂಬೈ ಮಾವ್ಶಿ, ಅಂದ್ರೆ ಚಿಕ್ಕಮ್ಮ, ಕೇಳಿದ್ದೇ, ಜೋಯ್ಲಿನ್ ಮುಖ ಆಚೆ ತಿರುಗಿಸಿದ್ಲು. ಐಸ್ ಪೆಟ್ಟಿಗೆ ಹೊತ್ತು ನಿಂತವ ಮೆಲ್ವಿನ್. ಅವಳು ಗುಟ್ಟಾಗಿ ಪ್ರೀತಿಸೋ ಹುಡುಗ. ಮಾವ್ಶಿ ಬಂದದ್ದೋ, ಕುವೈತ್ ಹುಡುಗನ ಸಂಬಂಧ ಹಿಡ್ಕಂಡು.

"ಗೊತ್ತಿಲ್ಲೆ ಮಾವ್ಶಿ. ಐಸ್ ಹೊರುವವ ಯಾರೋ..."

ಮೆಲ್ವಿನ್‌ಗೆ ಕೇಳ್ತು. ಮಾವ್ಶಿಗೆ ದಾರಿ ಬಿಟ್ಟು ಸರಿದ.

ಬೈದಿದ್ರೂ ಆಗ್ತಿತ್ತಲ್ಲ... ಅನ್ನಿಸ್ತು ಅವಳಿಗೆ.

ಅವತ್ತು ಪವಿತ್ರ ಗುರುವಾರ. ಯೇಸು ಶಿಷ್ಯರ ಕಾಲು ತೊಳೆದ ದಿನ. ಸಂಜೆ ಇಗರ್ಜಿಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೀತಾರೆ. ನಮ್ಮೂರವ್ರ ಹುಚ್ಚು ಮರ್ಲ್ ಕಾಣಿ, ತೊಳೆಸ್ಕೊಳ್ಳೋಕೆ ಹೋಗೋರೆಲ್ಲ ಮನೇಲೇ ಉಜ್ಜಿ ಉಜ್ಜಿ ತೊಳ್ಕಂಡು ಹೋಗ್ತಾರೆ! ಈ ಸಲ ಆ ಹನ್ನೆರಡರಲ್ಲಿ ಒಬ್ಬಳಾದ ಜೋಯ್ಲಿನ್ ಪಾರ್ಲರಿಗೇ ಹೋಗಿದ್ಲು. ಅವಳ ಕಾಲಿನ ಕ್ರೀಮ್ ವಾಸನೆಗೆ ತ್ರಾಸಿ ಕಡಲಿನ ಬಂಗುಡೆಯೆಲ್ಲ ದಡಕ್ಕೆ ಬಂದು ಮೂಸಿ ಹೋದ್ವು. ಸುಳ್ಳಲ್ಲ, ನಾನೇ ಕಂಡದ್ದು.

ಹನ್ನೆರಡನೆಯವರಿಗೆ ಜ್ವರ ಬಂತು. ಫಾದರ್ ಫೋನ್ ಮಾಡಿದ್ದಕ್ಕೆ ಮೆಲ್ವಿನ್ ಬಂದರದಿಂದ ಸೀದಾ ಬಂದು ಅವಳ ಪಕ್ಕದ ಕುರ್ಚೀಲಿ ಕೂತ. ಕಾಲ್ತುಂಬ ಮೀನಿನ ಹುರುಪೆ, ಕೆಸರು, ಐಸಿಗೆ ಒಡೆದ ಹಿಮ್ಮಡಿ.

"ತೊಳ್ಕಂಡ್ ಬಪ್ಪುಕೆ ಆತಿರ್ಲಿಲ್ಯಾ?" ಹಿಂದಿಂದ ಯಾರೋ ಗೊಣಗಿದ್ರು.

ಫಾದರ್ ನಕ್ಕರು. "ತೊಳ್ದ್ ಕಾಲನ್ನೇ ತೊಳ್ದ್ ತೊಳ್ದ್ ಸಾಕಾಯ್ತ್ ಮಾರಾಯ್ರೆ. ಈಗ ಕೆಲ್ಸ ಸಿಕ್ತ್."

ಬಗ್ಗಿದ್ದೇ ಫಾದರ್ ಸೊಂಟ ಹಿಡ್ಕಂತು. "ಯಾರಾರೂ ಬನ್ನಿ..."

ಯಾರೂ ಏಳ್ಲಿಲ್ಲ.

ದ್ರೋಹ ಮಾಡ್ತಾನೆ ಅಂತ ಗೊತ್ತಿದ್ದೂ ಯೂದನ ಕಾಲು ತೊಳೆದವ ಯೇಸು. ಇಲ್ಲಿ ಯೂದ ನಾನು, ಅಂದ್ಕಂಡ್ಲು ಜೋಯ್ಲಿನ್. ಆದ್ರೂ ಇವ ನನ್ನ ಒಂದು ಮಾತು ಬೈಲಿಲ್ಲ.

ಜೋಯ್ಲಿನ್ ಎದ್ದು ಬಂದು ಮೊಣಕಾಲೂರಿದ್ಲು. ಪಾಲಿಶ್ ಹಚ್ಚಿದ ಬೆರಳು ಕೆಸರುನೀರಿಗಿಳಿದ್ವು.

"ಬ್ಯಾಡ ಜೋಯ್ಲಿ," ಮೆಲ್ವಿನ್ ಪಿಸುಗುಟ್ಟಿದ. "ಮಾವ್ಶಿ ಕಾಣ್ತಿದ್ರ್. ನಿಂಗೇ ತೊಂದ್ರೆ."

ಈಗ್ಲೂ ನನ್ ಚಿಂತೆಯೇ ಇವನಿಗೆ...

"ಕಾಣ್ಲಿ. ಕಾಲ್ ಕೊಡ್." ಕಣ್ಣೀರು ಬೇಸಿನಿಗೆ ಬಿತ್ತು. "ಬೆಳಿಗ್ಗೆ ನಾನ್ ಮಾಡಿದ್ ತಪ್ಪ್..."

"ಹೆದ್ರಿಕೆ ಅದ್. ನಂಗೂ ಆತ್ತ್."

ಮುಂದಿನ ಬೆಂಚಿಂದ ಮಾವ್ಶಿ ಎದ್ದು ನಿಂತ್ರು. "ಎಂತ ಮಾಡ್ತಿದ್ಯೇ ನೀನ್?"

"ನನ್ ಗಂಡ ಆಪವ್ನ್ ಕಾಲ್ ತೊಳೀತಿದ್ದೆ, ಮಾವ್ಶಿ."

ಹಾಡ್ತಿದ್ದವ್ರೂ ನಿಲ್ಸಿದ್ರು. ಮೆಲ್ವಿನ್ ಬಗ್ಗಿ ಅವಳ ಕಿವೀಲಿ ಅಂದ.

"ನನ್ನತ್ರ ಕೇಣ್ಲೇ ಇಲ್ಲೆ ಅಲ್ದಾ?"

"ಈಗ ಕೇಂತಿದ್ದೆ. ಆತ್ತಾ?"

"ಆತ್ತ್... ಇನ್ನೊಂದ್ ಕಾಲೂ ಕಾಯ್ತಾ ಇತ್ತ್ ಕಾಣ್."