ಅವಳನ್ನು ಕೇಳದೆ ಎಳೆದ ಗೀಟು

ಓಟಗಾರರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅದರ ಮೇಲೆ ಕೆಂಪು ಶಾಯಿಯ ಒಂದು ಗೀಟೂ ಇತ್ತು.

"ನಿಮ್ಮ ಕೋಚ್ ನಿನ್ನೆ ಸಂಜೇನೇ ಬಂದು ಹೆಸರು ವಾಪಸ್ ತಗೊಂಡ್ರಲ್ಲಮ್ಮ," ಎಂದಳು ಮೇಜಿನ ಹಿಂದೆ ಕೂತಿದ್ದ ಹೆಂಗಸು. "ನಿಮಗೆ ಹೇಳ್ಲಿಲ್ವಾ?"

ನಲವತ್ತೆರಡು ಕಿಲೋಮೀಟರ್ ಓಟ, ರಾಜ್ಯ ತಂಡದ ಆಯ್ಕೆಗೆ ಇದೊಂದೇ ದಾರಿ. ಹಗಲೆಲ್ಲ ಮನೆಮನೆಗೆ ಅಂಚೆ ಹಂಚಿ, ಬೆಳಗಾಗುವ ಮೊದಲೇ ಎದ್ದು ಅವಳು ನಾಲ್ಕು ವರ್ಷ ಓಡಿದ್ದು ನಾಳೆಯ ಈ ಓಟಕ್ಕಾಗಿ.

ಕೋಚ್ ಕ್ರೀಡಾಂಗಣದ ಮೆಟ್ಟಿಲ ಬಳಿ ನಿಂತಿದ್ದ. ಮೂರು ತಿಂಗಳ ಹಿಂದೆ ಅದೇ ಮೆಟ್ಟಿಲ ಮೇಲೆ, ಮದುವೆಯಾಗ್ತೀಯಾ ಎಂದು ಕೇಳಿದ್ದವನು. ಓಟ ಮುಗಿಯಲಿ, ಅಕ್ಕನಿಗೆ ಹೇಳೋಣ ಎಂದಿದ್ದಳು ಅವಳು.

"ನಿನ್ನ ಎಡಗಾಲಿನ ಸದ್ದು ಬದಲಾಗಿದೆ," ಎಂದ. "ಎರಡು ವಾರದಿಂದ ಕೇಳ್ತಿದೀನಿ. ಮೂಳೆಗೆ ಏನೋ ಆಗಿದೆ."

"ಸದ್ದು ಕೇಳಿ ಹೆಸರು ಹೊಡೆದು ಹಾಕಿದ್ರಾ? ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಓಡ್ತಿದ್ದೆ."

ಅವಳಿಗೆ ಅಳು ಬರಲಿಲ್ಲ. 'ನಂಬಿದ್ದಕ್ಕೆ ಕತ್ತು ಕೊಯ್ದನಲ್ಲ...' ಕೈಗಡಿಯಾರ ತೋರಿಸುತ್ತಿದ್ದ ಓಟದ ಲೆಕ್ಕಗಳೆಲ್ಲ ಹಿಂದೆಂದಿಗಿಂತ ಚೆನ್ನಾಗಿದ್ದವು. ಕಣಕಾಲಿನ ಮೇಲೆ ಆಗಾಗ ಚುಚ್ಚುತ್ತಿದ್ದುದು ನಿಜ. ಅಂಚೆಚೀಲ ಹೊತ್ತು ಮೆಟ್ಟಿಲು ಹತ್ತಿದ್ದಕ್ಕೆ ಎಂದು ತನಗೆ ತಾನೇ ಹೇಳಿಕೊಂಡು ಅವನಿಂದ ಮುಚ್ಚಿಟ್ಟಿದ್ದಳು.

"ನನ್ನನ್ನ ಕೇಳ್ದೆ ನನ್ನ ಬದುಕು ತೀರ್ಮಾನ ಮಾಡೋರ ಜೊತೆ ನಾನು ಬಾಳಲ್ಲ," ಎಂದು ಹೇಳಿ ತಿರುಗಿ ನೋಡದೆ ನಡೆದಳು.

ಮನೆಯಲ್ಲಿ ಎರಡು ದಿನ ಬಾಗಿಲು ಹಾಕಿಕೊಂಡು ಮಲಗಿದಳು. ಮೂರನೇ ದಿನ ಮೆಟ್ಟಿಲಿಳಿಯುವಾಗ ಕುಂಟಿದ್ದನ್ನು ಅಕ್ಕ ನೋಡಿಬಿಟ್ಟಳು. ಮನಸ್ಸಿನ ನೋವಿಗೆ ಯಾರೂ ಒಂದೇ ಕಾಲಲ್ಲಿ ಕುಂಟುವುದಿಲ್ಲ ಎಂದು ಗದರಿ, ಡಾಕ್ಟರ ಬಳಿಗೆ ಎಳೆದೊಯ್ದಳು.

ಸ್ಕ್ಯಾನಿನಲ್ಲಿ ಎಡಗಾಲಿನ ಮೂಳೆಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಓಡಿದ್ದರೆ ಅರ್ಧ ದಾರಿಯಲ್ಲೇ ಮುರಿಯಬಹುದಿತ್ತು, ಇನ್ನು ಎಂಟು ವಾರ ಓಟದ ಮಾತೇ ಬೇಡ ಎಂದರು ಡಾಕ್ಟರು.

ಅವಳ ಸಿಟ್ಟು ಇನ್ನಷ್ಟು ಹೆಚ್ಚಿತು. ಅವನದು ತಪ್ಪಾಗಿದ್ದರೆ ದ್ವೇಷಿಸುವುದು ಸುಲಭವಿತ್ತು. ಈಗ ಅದಕ್ಕೂ ಕಲ್ಲು ಬಿತ್ತು. ಅವನ ಒಂದು ಕರೆಯನ್ನೂ ಅವಳು ಎತ್ತಲಿಲ್ಲ.

ಕಾಲಿನ ದೆಸೆಯಿಂದ ಅಂಚೆ ಕಚೇರಿಯಲ್ಲಿ ಅವಳಿಗೆ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಎಂಟನೇ ವಾರ ಒಂದು ಮಧ್ಯಾಹ್ನ ಕೌಂಟರಿನ ಕಿಂಡಿಯಲ್ಲಿ ಒಂದು ಲಕೋಟೆ ಒಳಗೆ ಬಂತು. ವಿಳಾಸ ಅವಳದೇ.

"ರಿಜಿಸ್ಟರ್ ಮಾಡ್ಬೇಕು," ಎಂದ ಕಿಂಡಿಯಾಚೆ ನಿಂತಿದ್ದ ಕೋಚ್.

"ಬಾಯಲ್ಲಿ ಹೇಳೋಕೆ ಬರಲ್ವಾ?"

"ಫೋನ್ ಎತ್ತಲ್ವಲ್ಲ. ರಿಜಿಸ್ಟರ್ ಆದ್ರೆ ಸಹಿ ಹಾಕಿ ತಗೊಳ್ಳೇಬೇಕು ಅಂದ್ಕೊಂಡೆ."

"ವಾಪಸ್ ಕಳಿಸೋಕೂ ಬರುತ್ತೆ."

ಸಾಲಿನಲ್ಲಿದ್ದ ಅಜ್ಜಿಯೊಬ್ಬರು, ಜಗಳ ಊಟದ ಹೊತ್ತಿಗೆ ಇಟ್ಕೊಳ್ಳಿ ಎಂದು ಗೊಣಗಿದರು. ಹಾಗೇ ಆಯಿತು. ಊಟದ ವಿರಾಮದಲ್ಲಿ ಇಬ್ಬರೂ ಕಚೇರಿಯ ಹಿತ್ತಲಿನ ಬೆಂಚಿನ ಮೇಲೆ ಕೂತರು.

ಲಕೋಟೆಯಲ್ಲಿ ಬರೆದಿದ್ದನ್ನು, ಇದುವರೆಗೆ ಯಾರಿಗೂ ಹೇಳದ್ದನ್ನು, ಅವನು ಬಾಯಲ್ಲೇ ಹೇಳಿದ. ಇಪ್ಪತ್ತಾರನೇ ವಯಸ್ಸಿನಲ್ಲಿ ಅವನಿಗೂ ಇದೇ ಬಿರುಕು ಬಂದಿತ್ತು. ಅವನ ಕೋಚ್ ಅವನನ್ನು ಎದುರು ಕೂರಿಸಿಕೊಂಡು ವಿವರಿಸಿ, ತೀರ್ಮಾನ ನಿನಗೇ ಬಿಟ್ಟಿದ್ದು ಎಂದಿದ್ದರು. ಅವನು ಓಡಿದ. ಮೂವತ್ತನೇ ಕಿಲೋಮೀಟರಿನಲ್ಲಿ ಬಿದ್ದವನು ಮತ್ತೆಂದೂ ಓಡಲಿಲ್ಲ.

"ನನ್ನ ಕೈಗೆ ಬಿಟ್ಟಿದ್ದೇ ಅವರ ತಪ್ಪು ಅಂದ್ಕೊಂಡೆ. ಹನ್ನೆರಡು ವರ್ಷದಿಂದ ಅದನ್ನೇ ಅನುಭವ ಅಂತ ಹೊತ್ಕೊಂಡು ತಿರುಗ್ತಿದೀನಿ."

"ಅದು ನಿಮ್ಮ ಅನುಭವ. ಅದರಲ್ಲಿ ನಾನೆಲ್ಲಿದ್ದೆ?"

ಅವನು ಲಕೋಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಅವಳ ದನಿ ಒಡೆಯಿತು. "ನೋವು ಮುಚ್ಚಿಟ್ಟಿದ್ದು ನನ್ನ ತಪ್ಪು. ಹೇಳಿದ್ರೆ ನಾನು ಓಡ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ಅದು ಗೊತ್ತಾಗೋ ಅವಕಾಶಾನೇ ಕಿತ್ಕೊಂಡ್ರಲ್ಲ..."

"ಹೌದು. ಕಾಲು ಉಳಿಸೋಕೆ ಹೋಗಿ ನಿನ್ನನ್ನೇ ಕಳ್ಕೊಂಡೆ," ಎಂದ. ಬೇರೊಬ್ಬ ಒಳ್ಳೆಯ ಕೋಚ್ ಜೊತೆ ಮಾತಾಡಿರುವುದಾಗಿಯೂ, ಅವಳು ಬಯಸಿದರೆ ಅಲ್ಲಿಗೆ ಹೋಗಬಹುದೆಂದೂ ಹೇಳಿ ಎದ್ದ. ಅವನ ಕಣ್ಣು ತುಂಬಿತ್ತು.

ಅವಳು ತನ್ನ ಎಡಗಾಲನ್ನು ನೋಡಿಕೊಂಡಳು. 'ಇವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ.'

"ಸೋಮವಾರದಿಂದ ಹತ್ತು ನಿಮಿಷ ಓಡಬಹುದು ಅಂದಿದ್ದಾರೆ ಡಾಕ್ಟರು," ಎಂದಳು.

ಅವನು ಅವಳತ್ತ ತಿರುಗಿದ. ಏನೋ ಹೇಳಲು ಹೊರಟವನು ತಡೆದುಕೊಂಡ. "ನಿಂಗೇನು ಅನ್ಸುತ್ತೆ?"

"ಇನ್ನೂ ಸ್ವಲ್ಪ ನೋಯುತ್ತೆ. ಗುರುವಾರದಿಂದ ಶುರು ಮಾಡೋಣ."

"ಸರಿ. ಗುರುವಾರ."

"ಅದಕ್ಕೂ ಮುಂಚೆ ಇವತ್ತು ಸಂಜೆ ಮನೆಗೆ ಬಾ. ಅಕ್ಕನಿಗೆ ಇಬ್ರೂ ಕೂತು ಹೇಳೋಣ."

ಅವನು ಅವಳನ್ನೇ ನೋಡಿದ. "ಬಾ ಅಂದ್ಯಾ?"

"ಹ್ಞೂಂ," ಎಂದಳು ಅವಳು, ಅವನ ಕೈ ಹಿಡಿದು ಮೇಲೇಳುತ್ತಾ. "ಬಾ ಅಂದೆ."